ಒರಟು ಕಲ್ಲಿಗೆ ಮನೆಯಲ್ಲೇ ಮೆರುಗು: ಹೊಸಬರು ತಿಳಿಯಬೇಕಾದ್ದು

ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಕಲ್ಲಿನ ನಂಟು ಬಲು ಹಳೆಯದು. ಬಸವನಗುಡಿಯ ದೊಡ್ಡ ಬಸವಣ್ಣ ಒಂದೇ ಕಲ್ಲಿನಲ್ಲಿ ಕಡೆದ ಮೂರ್ತಿ. ಅದರ ಮಗ್ಗುಲಲ್ಲೇ ಕಹಳೆ ಬಂಡೆಯಿದೆ. ಗವೀಪುರದ ಗಂಗಾಧರೇಶ್ವರ ನೆಲೆಸಿರುವುದು ಬಂಡೆಯನ್ನೇ ಕೊರೆದ ಗವಿಯಲ್ಲಿ. ಲಾಲ್‌ಬಾಗಿನ ಗುಡ್ಡದ ಮೇಲೆ ಕೆಂಪೇಗೌಡರ ಹೆಸರಿನ ಗೋಪುರ ನಿಂತಿರುವುದೂ ಬರೀ ಬಂಡೆಯ ಮೇಲೆಯೇ. ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಒರಳುಕಲ್ಲು, ಬೀಸುವ ಕಲ್ಲು, ಹಿತ್ತಲಿನ ಬಟ್ಟೆ ಒಗೆಯುವ ಚಪ್ಪಡಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಮೂರು ತಲೆಮಾರಿನ ಕೈ ಆಡಿದ ರುಬ್ಬುಗುಂಡು ಎಷ್ಟು ನುಣುಪಾಗಿರುತ್ತದೆ ಎಂಬುದನ್ನು ಬಲ್ಲವರಿಗೆ, ಕಲ್ಲಿಗೆ ಮೆರುಗು ಬರುವ ಬಗೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕಲ್ಲಿಗೆ ಕಲ್ಲು ತಾಗಬೇಕು, ನಡುವೆ ನೀರಿರಬೇಕು, ಕಾಲ ಬೇಕು.

ಈ ಮೂರನ್ನೂ ಒಂದು ಸಣ್ಣ ಪೀಪಾಯಿಯೊಳಗೆ ಕೂಡಿಹಾಕಿ, ಮೋಟಾರಿನಿಂದ ಹಗಲಿರುಳು ಉರುಳಿಸಿ, ಒರಟು ಕಲ್ಲನ್ನು ಹೊಳೆಯುವ ಹರಳಿನಂತೆ ಮಾಡುವ ಹವ್ಯಾಸವೊಂದಿದೆ. ಅಮೆರಿಕ, ಬ್ರಿಟನ್‌ಗಳಲ್ಲಿ ಕಳೆದ ಶತಮಾನದ ಮಧ್ಯಭಾಗದಿಂದಲೂ ಬಳಕೆಯಲ್ಲಿರುವ ಈ ಯಂತ್ರಕ್ಕೆ ಅಲ್ಲಿನವರು ಇಟ್ಟ ಹೆಸರು ರಾಕ್ ಟಂಬ್ಲರ್. ಟಂಬ್ಲರ್ ಎಂದೊಡನೆ ಫಿಲ್ಟರ್ ಕಾಫಿಯ ಲೋಟ ನೆನಪಾಗುವ ಊರಿನಲ್ಲಿ ಇದನ್ನು ಉರುಳುಪೀಪಾಯಿ ಎಂದು ಕರೆದರೆ ಗೊಂದಲವಿರದು. ಯಂತ್ರ ಸರಳ, ಖರ್ಚು ಮಿತ. ಆದರೆ ಹೊಸಬರ ಮೊದಲ ಪ್ರಯತ್ನ ಕೆಡುವುದೇ ಹೆಚ್ಚು. ಅದು ಏಕೆ ಕೆಡುತ್ತದೆ, ಹೇಗೆ ಸುಧಾರಿಸುತ್ತದೆ, ಎಲ್ಲಿ ಎಚ್ಚರ ಬೇಕು ಎಂಬುದನ್ನು ಅರಿತರೆ ತಿಂಗಳ ಶ್ರಮ ವ್ಯರ್ಥವಾಗುವುದಿಲ್ಲ.

ನದಿ ಮಾಡುವ ಕೆಲಸ

ದೇವರ ಮನೆಯ ಸಾಲಿಗ್ರಾಮ ಗಂಡಕಿ ನದಿಯದು, ಬಾಣಲಿಂಗ ನರ್ಮದೆಯದು. ಎರಡೂ ಪ್ರವಾಹದಲ್ಲಿ ಉರುಳಿ ದುಂಡಗಾದ ಕಲ್ಲುಗಳು. ನದಿ ವರ್ಷಾನುವರ್ಷ ಮಾಡುವ ಕೆಲಸವನ್ನು ಉರುಳುಪೀಪಾಯಿ ವಾರಗಳಲ್ಲಿ ಮುಗಿಸುತ್ತದೆ. ಕಾರಣ, ನದಿಯ ಮರಳಿಗಿಂತ ಬಹಳ ಗಡಸಾದ ಪುಡಿಯನ್ನು ಅದರೊಳಗೆ ಹಾಕಲಾಗುತ್ತದೆ.

ಮನುಷ್ಯನಿಗೆ ಈ ವಿದ್ಯೆ ಹೊಸತಲ್ಲ. ಬಳ್ಳಾರಿ ಸಮೀಪದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ಡಾಲರೈಟ್ ಎಂಬ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಒಡೆದು ರೂಪ ಕೊಟ್ಟ ಕೊಡಲಿಯನ್ನು ಬಂಡೆಯ ಮೇಲೆ ತಿಕ್ಕಿ ನುಣುಪುಗೊಳಿಸುತ್ತಿದ್ದರು. ಹಾಗೆ ತಿಕ್ಕಿದ ಗುಳಿಗಳು ಬಂಡೆಗಳ ಮೇಲೆ ಉಳಿದುಕೊಂಡಿವೆ. ಈ ಪ್ರದೇಶದ ಪ್ರಾಚೀನ ನೆಲೆಗಳತ್ತ 19ನೆಯ ಶತಮಾನದಲ್ಲಿ ವಿದ್ವಾಂಸರ ಗಮನ ಸೆಳೆದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, 1894ರಲ್ಲಿ ಆರಂಭವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಹೊಣೆಯನ್ನೂ ಹೊತ್ತಿದ್ದರು.

ಗುಜರಾತಿನ ಖಂಭಾತ್ ಪಟ್ಟಣದ್ದು ಇನ್ನೊಂದು ಉದಾಹರಣೆ. ಅಗೇಟ್ ಕಲ್ಲಿನ ಮಣಿಗಳಿಗೆ ಶತಮಾನಗಳಿಂದ ಹೆಸರಾದ ಊರು ಅದು. ಮಣಿಗಳನ್ನು ಸಾಣೆಪುಡಿ ಮತ್ತು ನೀರಿನೊಡನೆ ಚರ್ಮದ ಚೀಲಕ್ಕೆ ತುಂಬಿ, ಎದುರುಬದುರು ಕುಳಿತ ಇಬ್ಬರು ದಿನಗಟ್ಟಲೆ ಅದನ್ನು ಅತ್ತಿಂದಿತ್ತ ಉರುಳಿಸುವುದು ಅಲ್ಲಿನ ಹಳೆಯ ಪದ್ಧತಿ. ಇಂದು ಮೋಟಾರಿನ ಪೀಪಾಯಿ ಆ ಚೀಲದ ಸ್ಥಾನದಲ್ಲಿದೆ. ಮನೆಯಲ್ಲಿ ಬಳಸುವ ಯಂತ್ರ ಅದರ ಕಿರಿಯ ರೂಪ.

ಹೊಳಪು ಎಂದರೇನು?

ಕಲ್ಲಿನ ಹೊಳಪು ಹೊರಗಿನಿಂದ ಬಳಿಯುವ ಲೇಪವಲ್ಲ. ಒರಟು ಮೇಲ್ಮೈಯಲ್ಲಿ ಅಸಂಖ್ಯ ಗೀರುಗಳಿರುತ್ತವೆ. ಅವುಗಳ ಮೇಲೆ ಬಿದ್ದ ಬೆಳಕು ಹತ್ತು ದಿಕ್ಕಿಗೆ ಚೆದುರಿ ಕಲ್ಲು ಮಂಕಾಗಿ ತೋರುತ್ತದೆ. ಗೀರುಗಳನ್ನು ಕ್ರಮವಾಗಿ ಚಿಕ್ಕದು, ಇನ್ನೂ ಚಿಕ್ಕದು ಮಾಡುತ್ತ ಹೋಗಿ, ಬೆಳಕಿನ ಅಲೆಯೇ ಗುರುತಿಸಲಾರದಷ್ಟು ಸೂಕ್ಷ್ಮಗೊಳಿಸಿದಾಗ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ಅದೇ ಮೆರುಗು. ದೊಡ್ಡ ಗೀರನ್ನು ಅಳಿಸಿ ಚಿಕ್ಕ ಗೀರು ಹಾಕುವುದು, ಅದನ್ನೂ ಅಳಿಸಿ ಮತ್ತೂ ಚಿಕ್ಕದನ್ನು ಹಾಕುವುದು, ಇಡೀ ವಿದ್ಯೆ ಇಷ್ಟೇ.

ಒದ್ದೆ ಕಲ್ಲು ಹೊಳೆಯುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ನೀರು ಗೀರುಗಳನ್ನು ತಾತ್ಕಾಲಿಕವಾಗಿ ತುಂಬಿ ಮೇಲ್ಮೈಯನ್ನು ಸಮಮಾಡುತ್ತದೆ. ಹೊಸಬರು ಮೋಸಹೋಗುವುದು ಈ ಹಂತದಲ್ಲಿ. ಪೀಪಾಯಿಯಿಂದ ಈಗಷ್ಟೇ ತೆಗೆದ ಕಲ್ಲು ಸಿದ್ಧವಾದಂತೆ ಕಾಣುತ್ತದೆ. ಒಣಗಿದೊಡನೆ ಬೂದಿ ಬಳಿದಂತಾಗುತ್ತದೆ. ಕಲ್ಲನ್ನು ಒರೆಸಿ, ಪೂರ್ತಿ ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿದ ಮೇಲೆಯೇ ಮುಂದಿನ ಹಂತದ ತೀರ್ಮಾನ ಮಾಡಬೇಕು.

ಎಂತಹ ಕಲ್ಲು ಬೇಕು?

ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಗಡಸುತನದ ಅಳತೆ ಇಂದಿಗೂ ಹವ್ಯಾಸಿಗಳ ದಾರಿದೀಪ. ಒಂದರಿಂದ ಹತ್ತರವರೆಗಿನ ಈ ಅಳತೆಯಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜವಾದ ಟಾಲ್ಕ್‌ಗೆ 1, ವಜ್ರಕ್ಕೆ 10. ಕೈಬೆರಳಿನ ಉಗುರು ಸುಮಾರು ಎರಡೂವರೆ, ಚಾಕುವಿನ ಅಲಗು ಮತ್ತು ಕಿಟಕಿಯ ಗಾಜು ಸುಮಾರು ಐದೂವರೆ, ಬೆಣಚುಕಲ್ಲು 7. ಚಾಕುವಿನ ಮೊನೆಯಿಂದ ಗೀರು ಬೀಳದ, ಬದಲಿಗೆ ಗಾಜಿನ ಚೂರನ್ನು ತಾನೇ ಗೀರುವ ಕಲ್ಲು ಪೀಪಾಯಿಗೆ ಯೋಗ್ಯ.

ಹೊಸಬರಿಗೆ ಅಗೇಟ್ ಮತ್ತು ಜಾಸ್ಪರ್ ಅತ್ಯುತ್ತಮ. ಇವೆರಡೂ ಸಿಲಿಕದ ಅತಿ ಸೂಕ್ಷ್ಮ ಕಣಗಳಿಂದಾದ ಕಲ್ಲುಗಳು. ಎಲ್ಲ ಕಡೆಯೂ ಒಂದೇ ಗಡಸು, ಸೀಳಿಕೊಳ್ಳುವುದಿಲ್ಲ. ಡೆಕ್ಕನ್ ಟ್ರ್ಯಾಪ್ ಎನ್ನುವ ಲಾವಾಶಿಲೆಯ ಪೊಟರೆಗಳಲ್ಲಿ ಅಗೇಟ್ ಬೆಳೆಯುತ್ತದೆ. ಈ ಶಿಲೆ ಮಹಾರಾಷ್ಟ್ರವನ್ನು ಬಹುಪಾಲು ಆವರಿಸಿ, ಕರ್ನಾಟಕದ ಉತ್ತರದ ಜಿಲ್ಲೆಗಳಿಗೂ ಚಾಚಿಕೊಂಡಿದೆ.

ಅಡುಗೆಮನೆಯ ಕಟ್ಟೆಗೆ, ಗೂಡಿನ ಹಲಗೆಗೆ ಬಳಸುವ ಕಡಪ ಕಲ್ಲಿನ ಚೂರು ಸುಲಭವಾಗಿ ಸಿಗುತ್ತದೆಂದು ಹಲವರು ಅದರಿಂದ ಆರಂಭಿಸುವುದುಂಟು. ಕಡಪ ಕಲ್ಲು, ಶಹಾಬಾದ್ ಕಲ್ಲು ಎರಡೂ ಸುಣ್ಣಶಿಲೆಗಳು. ಗಡಸುತನ ಮೂರರ ಆಸುಪಾಸು. ಅವನ್ನು ಅಗೇಟ್ ಜತೆ ಸೇರಿಸಿದರೆ ವಾರದ ಕೊನೆಗೆ ಅಗೇಟ್ ಹಾಗೆಯೇ ಇರುತ್ತದೆ, ಕಡಪ ಕಲ್ಲು ಸವೆದು ಗಂಜಿಯಾಗಿರುತ್ತದೆ. ಒಂದೇ ಗಡಸಿನ ಕಲ್ಲುಗಳನ್ನು ಮಾತ್ರ ಒಟ್ಟಿಗೆ ಹಾಕಬೇಕೆಂಬುದು ಮೊದಲ ನಿಯಮ. ಅನುಮಾನವಿದ್ದರೆ ಕಲ್ಲನ್ನು ಕೊಂಚ ಗೀರಿ, ಆ ಪುಡಿಯ ಮೇಲೆ ನಿಂಬೆರಸ ಹಿಂಡಬಹುದು. ನೊರೆಯೆದ್ದರೆ ಅದು ಸುಣ್ಣಶಿಲೆ.

ಬೆಂಗಳೂರಿನದೇ ಆದ ನೈಸ್ ಶಿಲೆ ಮತ್ತು ಗ್ರಾನೈಟ್‌ಗಳ ವಿಷಯ ಇನ್ನೂ ಸ್ವಾರಸ್ಯಕರ. ಇವು ಒಂದೇ ಖನಿಜದ ಕಲ್ಲುಗಳಲ್ಲ. ಬೆಣಚು, ಅದಕ್ಕಿಂತ ಸ್ವಲ್ಪ ಮೆದುವಾದ ಫೆಲ್ಡ್‌ಸ್ಪಾರ್, ಬಹಳ ಮೆದುವಾದ ಕಾಗೆಬಂಗಾರ ಇವುಗಳಲ್ಲಿ ಬೆರೆತಿರುತ್ತವೆ. ಪೀಪಾಯಿಯಲ್ಲಿ ಉರುಳುವಾಗ ಕಾಗೆಬಂಗಾರದ ಪದರಗಳು ಮೊದಲು ಕಿತ್ತುಬರುತ್ತವೆ. ಫೆಲ್ಡ್‌ಸ್ಪಾರ್ ತನ್ನ ಸೀಳುಗಳಲ್ಲಿ ಚಕ್ಕೆ ಏಳುತ್ತದೆ. ಬೆಣಚು ಮಾತ್ರ ದಿಬ್ಬದಂತೆ ಉಳಿಯುತ್ತದೆ. ಹಾಗಾದರೆ ಕಾರ್ಖಾನೆಯ ಗ್ರಾನೈಟ್ ಚಪ್ಪಡಿ ಕನ್ನಡಿಯಂತೆ ಹೊಳೆಯುವುದು ಹೇಗೆ? ಅಲ್ಲಿ ಚಪ್ಪಡಿಯನ್ನು ಉಜ್ಜುವುದು ಭಾರವಾದ, ಸಪಾಟಾದ, ವಜ್ರದ ಪುಡಿ ಕೂಡಿಸಿದ ಬಿಲ್ಲೆ. ಅದು ಗಡಸು, ಮೆದು ಎಂಬ ಭೇದವೆಣಿಸದೆ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಪೀಪಾಯಿಯ ತಿಕ್ಕಾಟಕ್ಕೆ ಆ ಬಿಗಿಯಿಲ್ಲ. ಆದ್ದರಿಂದ ಗ್ರಾನೈಟ್ ತುಂಡುಗಳನ್ನು ಕೈ ಪಳಗಿದ ಮೇಲೆ, ಕಣ ಸಣ್ಣದಿರುವುದನ್ನೇ ಆಯ್ದು ಪ್ರಯತ್ನಿಸುವುದು ಲೇಸು.

ಪೀಪಾಯಿಯೊಳಗಿನ ವ್ಯಾಪಾರ

ಮನೆಬಳಕೆಯ ಸಣ್ಣ ಯಂತ್ರದಲ್ಲಿ ಸುಮಾರು ಒಂದೂವರೆ ಕಿಲೋ ಹಿಡಿಯುವ ರಬ್ಬರಿನ ಪೀಪಾಯಿ ಇರುತ್ತದೆ. ಅದು ಎರಡು ಉರುಳೆಗಳ ಮೇಲೆ ಮಲಗಿ ನಿಧಾನವಾಗಿ ತಿರುಗುತ್ತದೆ. ಒಳಗಿನ ಕಲ್ಲುಗಳು ಗೋಡೆಗುಂಟ ಮೇಲೇರಿ, ಒಂದರ ಮೇಲೊಂದು ಜಾರಿ ಕೆಳಗಿಳಿಯುತ್ತವೆ. ಜಾರುವ ಈ ಪದರದಲ್ಲೇ ನಿಜವಾದ ಕೆಲಸ ನಡೆಯುವುದು. ಕಲ್ಲು ಕಡಿಮೆಯಾದರೆ ಅವು ಜಾರುವ ಬದಲು ಬಿದ್ದು ಒಂದನ್ನೊಂದು ಒಡೆಯುತ್ತವೆ. ತುಂಬಿ ತುಳುಕಿದರೆ ಅಲುಗಾಡಲು ಜಾಗವಿರದು. ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾಗದಂತೆ, ನಾಲ್ಕರಲ್ಲಿ ಮೂರು ಪಾಲು ಮೀರದಂತೆ ತುಂಬುವುದು ಸರಿಯಾದ ಕ್ರಮ. ನೀರು ಕಲ್ಲಿನ ಮೇಲುಮಟ್ಟಕ್ಕಿಂತ ಕೊಂಚ ಕೆಳಗಿರಬೇಕು. ಕಲ್ಲುಗಳೆಲ್ಲ ಒಂದೇ ಗಾತ್ರದವಾಗಿರಬಾರದು; ನೆಲ್ಲಿಕಾಯಿ ಗಾತ್ರದವುಗಳ ನಡುವೆ ಕಡಲೆಕಾಯಿ ಬೀಜದಷ್ಟು ಸಣ್ಣವೂ ಇದ್ದರೆ ಸಂದುಗೊಂದಿಗಳಿಗೂ ಉಜ್ಜು ತಲಪುತ್ತದೆ.

ಯಂತ್ರವನ್ನು ಕೈಯಾರೆ ಕಟ್ಟುವವರೂ ಉಂಟು. ಸಿಟಿ ಮಾರುಕಟ್ಟೆಯ ಸಮೀಪದ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಸಣ್ಣ ಮೋಟಾರು, ಬೇರಿಂಗು, ಬೆಲ್ಟುಗಳಿಗೆ ಅಲೆದವರಿಗೆ ಅದು ಕಷ್ಟದ ಕೆಲಸವಲ್ಲ. ವೇಗವೊಂದನ್ನು ಗಮನಿಸಬೇಕು. ಅತಿವೇಗವಾದರೆ ಕಲ್ಲು ಗೋಡೆಗೆ ಅಂಟಿದಂತೆ ಮೇಲೇರಿ ದೊಪ್ಪನೆ ಬೀಳುತ್ತದೆ. ಒಳಗಿನಿಂದ ಸಮನಾದ ಸರಸರ ಸದ್ದು ಬರುತ್ತಿದ್ದರೆ ವೇಗ ಸರಿಯಿದೆ. ಟಕಟಕ ಬಡಿತ ಕೇಳಿದರೆ ಸರಿಯಿಲ್ಲ.

ನಾಲ್ಕು ವಾರ, ನಾಲ್ಕು ಪುಡಿ

ಉಜ್ಜುವ ಪುಡಿ ಸಿಲಿಕಾನ್ ಕಾರ್ಬೈಡ್. ಗಡಸುತನದಲ್ಲಿ ಒಂಬತ್ತಕ್ಕೂ ಮೇಲಿನದು. ಅಮೆರಿಕದ ಎಡ್ವರ್ಡ್ ಅಚೆಸನ್ 1890ರ ದಶಕದ ಆರಂಭದಲ್ಲಿ ಇದನ್ನು ತಯಾರಿಸಿ, ಇಂಗಾಲ ಮತ್ತು ಕೊರಂಡಮ್ ಕೂಡಿದ ವಸ್ತುವೆಂದು ಭ್ರಮಿಸಿ ಕಾರ್ಬೊರಂಡಮ್ ಎಂದು ಹೆಸರಿಟ್ಟ. ಆ ಕೊರಂಡಮ್ ಎಂಬ ಪದಕ್ಕೆ ಮೂಲ ದಕ್ಷಿಣ ಭಾರತದ ನುಡಿಗಳಲ್ಲೇ ಇದೆ. ಕನ್ನಡದಲ್ಲಿ ಅದು ಕುರುಂದದ ಕಲ್ಲು. ಹಿಂದಿನ ಮೈಸೂರು ಸಂಸ್ಥಾನದಲ್ಲಿ ಸಾಣೆಗಾಗಿ ಕುರುಂದವನ್ನು ಅಗೆದು ತೆಗೆಯುತ್ತಿದ್ದರು.

ಪುಡಿಯ ಅಂಕಿ ಹೆಚ್ಚಿದಷ್ಟೂ ಕಣ ಸಣ್ಣದು. ಮೊದಲ ವಾರಕ್ಕೆ 60ರಿಂದ 90ರ ಪುಡಿ. ಇದರ ಕಣ ಸುಮಾರು ಕಾಲು ಮಿಲಿಮೀಟರ್ ಇರುತ್ತದೆ. ಒಂದೂವರೆ ಕಿಲೋದ ಪೀಪಾಯಿಗೆ ನಾಲ್ಕು ದೊಡ್ಡ ಚಮಚ ಸಾಕು. ಕಲ್ಲಿನ ಮೂಲೆಗಳು ದುಂಡಗಾಗಿ ರೂಪ ಬರುವುದು ಈ ಹಂತದಲ್ಲಿ. ಎರಡನೆಯ ವಾರಕ್ಕೆ 120ರಿಂದ 220ರ ಪುಡಿ. 220ರ ಕಣ ಹೆಚ್ಚುಕಡಿಮೆ ತಲೆಗೂದಲಿನ ದಪ್ಪದ್ದು. ಮೂರನೆಯ ವಾರಕ್ಕೆ 500ರ ಪುಡಿ. ಇದು ಮುಗಿದಾಗ ಕಲ್ಲು ರೇಷ್ಮೆಯಂತೆ ನುಣುಪಾಗಿ, ಒಣಗಿದಾಗಲೂ ಮಸುಕಾದ ಹೊಳಪನ್ನು ತೋರುತ್ತದೆ. ನಾಲ್ಕನೆಯ ವಾರಕ್ಕೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡ್‌ನ ಮೆರುಗುಪುಡಿ. ದೂರದರ್ಶಕದ ಕನ್ನಡಿಯನ್ನು ಕೈಯಿಂದ ಉಜ್ಜಿ ಮಾಡುವ ಖಗೋಳ ಹವ್ಯಾಸಿಗಳು ಕೊನೆಯಲ್ಲಿ ಬಳಸುವುದೂ ಸೀರಿಯಂ ಆಕ್ಸೈಡನ್ನೇ.

ವಾರವೆಂಬುದು ಅಂದಾಜು ಮಾತ್ರ. ಮೊದಲ ಹಂತಕ್ಕೆ ಎರಡು, ಮೂರು ವಾರ ಹಿಡಿದರೂ ಅಚ್ಚರಿಯಿಲ್ಲ. ಪುಡಿ ಉಜ್ಜುತ್ತ ಉಜ್ಜುತ್ತ ತಾನೂ ಒಡೆದು ಸಣ್ಣದಾಗುತ್ತದೆ. ಏಳೆಂಟು ದಿನಗಳಾದ ಮೇಲೆ ಅದೇ ಪುಡಿಯನ್ನು ಮತ್ತೆ ಉರುಳಿಸಿ ಪ್ರಯೋಜನವಿಲ್ಲ. ಹೊಸ ಪುಡಿ ಹಾಕಬೇಕು.

ಮೊದಲ ಸರದಿ ಕೆಡುವುದೇಕೆ?

ಹೊಸಬರ ಪ್ರಗತಿಯನ್ನು ಸಾಮಾನ್ಯವಾಗಿ ಮೂರು ಸರದಿಗಳಲ್ಲಿ ಗುರುತಿಸಬಹುದು. ಮೊದಲ ಸರದಿ ಆತುರದಿಂದ ಕೆಡುತ್ತದೆ. ಮೊದಲ ಹಂತದಲ್ಲಿ ಉಳಿದ ಗುಳಿ, ಬಿರುಕುಗಳು ಮುಂದಿನ ಪುಡಿಯಲ್ಲಿ ಹೋಗಬಹುದೆಂಬ ಆಸೆಯಿಂದ ಕಲ್ಲನ್ನು ಮುಂದೂಡಲಾಗುತ್ತದೆ. ಅವು ಹೋಗುವುದಿಲ್ಲ. ಒರಟುಪುಡಿ ಅಳಿಸದ ಗುಳಿಯನ್ನು ನಯವಾದ ಪುಡಿ ಎಂದಿಗೂ ಅಳಿಸಲಾರದು. ಅದರ ಸುತ್ತ ಮೆರುಗು ಕೊಟ್ಟು ಗುಳಿಯನ್ನು ಇನ್ನಷ್ಟು ಎದ್ದುತೋರಿಸುತ್ತದೆ.

ಎರಡನೆಯ ಸರದಿ ಶುಚಿಯಿಲ್ಲದೆ ಕೆಡುತ್ತದೆ. ಹಂತ ಬದಲಿಸುವಾಗ ಕಲ್ಲಿನ ಸಂದಿನಲ್ಲೋ ಪೀಪಾಯಿಯ ಮುಚ್ಚಳದ ಅಂಚಿನಲ್ಲೋ ಉಳಿದ 60ರ ಹತ್ತಾರು ಕಣಗಳು ಸಾಕು. ಮೆರುಗಿನ ವಾರ ಪೂರ್ತಿ ಅವು ಕಲ್ಲನ್ನು ಗೀರುತ್ತಲೇ ಇರುತ್ತವೆ. ಒಂದೊಂದು ಕಲ್ಲನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಬಿರುಕಿರುವ ಕಲ್ಲನ್ನು ಪಕ್ಕಕ್ಕಿಡಬೇಕು. ನಡುವೆ ಒಂದು ದಿನ ಬರಿ ನೀರು ಮತ್ತು ಚೂರು ಸಾಬೂನು ಹಾಕಿ ಉರುಳಿಸುವುದು ಒಳ್ಳೆಯ ಅಭ್ಯಾಸ. ಮೆರುಗಿನ ಹಂತಕ್ಕೆಂದೇ ಬೇರೆ ಪೀಪಾಯಿ ಇಟ್ಟುಕೊಂಡರೆ ಇನ್ನೂ ಉತ್ತಮ.

ಮೂರನೆಯ ಸರದಿಯ ಹೊತ್ತಿಗೆ ಹವ್ಯಾಸಿಯ ಕೈಯಲ್ಲಿ ಒಂದು ಪುಸ್ತಕ ಬಂದಿರುತ್ತದೆ. ಯಾವ ಕಲ್ಲು, ಎಷ್ಟು ತೂಕ, ಯಾವ ಪುಡಿ, ಎಷ್ಟು ದಿನ, ತೆಗೆದಾಗ ತೂಕವೆಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ಹಾಕಿದಷ್ಟು ಕಲ್ಲು ಮರಳಿ ಬರುವುದಿಲ್ಲ. ಸವೆದುಹೋದದ್ದೇ ಮೆರುಗಿನ ಬೆಲೆ. ಸವೆದು ಕಡಿಮೆಯಾದ ಜಾಗವನ್ನು ಪ್ಲಾಸ್ಟಿಕ್ ಗುಳಿಗೆಗಳಿಂದ ತುಂಬಿ, ಕಲ್ಲು ಬಡಿದಾಡದಂತೆ ನೋಡಿಕೊಳ್ಳಬೇಕೆಂಬುದೂ ಈ ಲೆಕ್ಕದಿಂದಲೇ ತಿಳಿಯುವ ಪಾಠ.

ಮನೆಯಲ್ಲಿ ಯಂತ್ರವಿಡುವಾಗ

ಇಪ್ಪತ್ತೈದು ವಾಟ್‌ನ ಮೋಟಾರು ದಿನವಿಡೀ ಓಡಿದರೆ ಖರ್ಚಾಗುವುದು 0.6 ಯೂನಿಟ್ ವಿದ್ಯುತ್. ನಾಲ್ಕು ವಾರಕ್ಕೆ ಸುಮಾರು 17 ಯೂನಿಟ್. ನಡುವೆ ಕರೆಂಟು ಹೋದರೆ ಗಾಬರಿಯ ಕಾರಣವಿಲ್ಲ; ಬಂದಾಗ ಕೆಲಸ ಮುಂದುವರಿಯುತ್ತದೆ. ನೀರಿನ ಸಮೀಪ ಓಡುವ ಯಂತ್ರವಾದ್ದರಿಂದ ಅರ್ತಿಂಗ್ ಇರುವ ಮೂರು ಪಿನ್ನಿನ ಸಂಪರ್ಕ ಕಡ್ಡಾಯ.

ಸದ್ದು ದೊಡ್ಡ ತೊಡಕು. ಗೋಡೆಗೆ ಗೋಡೆ ಅಂಟಿರುವ ವಠಾರಗಳಲ್ಲಿ ರಾತ್ರಿಯ ನಿಶ್ಶಬ್ದದಲ್ಲಿ ಪೀಪಾಯಿಯ ಸದ್ದು ಪಕ್ಕದ ಮನೆಗೂ ಕೇಳುತ್ತದೆ. ಹಿತ್ತಲಿನ ಮೂಲೆಯಲ್ಲಿ, ಮಳೆ ತಾಗದ ಕಡೆ, ದಪ್ಪ ರಬ್ಬರಿನ ಹಾಸಿನ ಮೇಲೆ ಇಡುವುದು ಒಳಿತು.

ತೊಳೆದ ರಾಡಿಯನ್ನು ಬಚ್ಚಲಿಗೆ ಚೆಲ್ಲಬಾರದು. ಕಲ್ಲುಪುಡಿ ಕೊಳವೆಯ ಬಾಗಿನಲ್ಲಿ ತಳವೂರಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹಳೆಯ ಮನೆಗಳ ಕೊಳವೆ ಒಮ್ಮೆ ಹೀಗೆ ಕಟ್ಟಿಕೊಂಡರೆ ನೆಲ ಅಗೆಯುವುದೊಂದೇ ದಾರಿ. ರಾಡಿಯನ್ನು ಬಕೀಟಿನಲ್ಲಿ ಒಂದೆರಡು ದಿನ ಬಿಟ್ಟು, ಮೇಲಿನ ತಿಳಿನೀರನ್ನು ಬಸಿದು, ತಳದ ಕೆಸರನ್ನು ಒದ್ದೆಯಿರುವಾಗಲೇ ದಪ್ಪ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು.

ಒದ್ದೆ ಇರುವಾಗಲೇ ಏಕೆ?

ಈ ಹವ್ಯಾಸದ ಅತಿ ಮುಖ್ಯ ಎಚ್ಚರ ಈ ಪ್ರಶ್ನೆಯ ಉತ್ತರದಲ್ಲಿದೆ. ಅಗೇಟ್, ಬೆಣಚು, ಗ್ರಾನೈಟ್ ಎಲ್ಲದರಲ್ಲೂ ಸಿಲಿಕ ಹೇರಳವಾಗಿದೆ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ದೂಳು ಉಸಿರಿನೊಡನೆ ಶ್ವಾಸಕೋಶದ ಆಳಕ್ಕಿಳಿದರೆ ಹೊರಬರುವುದಿಲ್ಲ. ವರ್ಷಗಳ ಬಳಿಕ ಅದು ಸಿಲಿಕೋಸಿಸ್ ಎಂಬ ರೋಗವಾಗಿ ಕಾಡುತ್ತದೆ. ಗಾಯದ ಕಲೆಯಂತೆ ಗಟ್ಟಿಯಾದ ಶ್ವಾಸಕೋಶವನ್ನು ಮೊದಲಿನ ಸ್ಥಿತಿಗೆ ತರುವ ಔಷಧವಿಲ್ಲ. ಕ್ಷಯರೋಗಕ್ಕೂ ಅದು ದಾರಿಮಾಡುತ್ತದೆ.

ಕರ್ನಾಟಕಕ್ಕೆ ಈ ರೋಗ ಅಪರಿಚಿತವಲ್ಲ. ಕೋಲಾರದ ಚಿನ್ನದ ಗಣಿ ಕಾರ್ಮಿಕರ ಮೇಲೆ 1940ರ ದಶಕದಲ್ಲಿ ನಡೆದ ತಪಾಸಣೆಗಳು ದೇಶದಲ್ಲಿ ಈ ರೋಗದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಸೇರಿವೆ. ಗಣಿಗಳು 2001ರಲ್ಲಿ ಮುಚ್ಚಿದವು. ರೋಗ ಹೊತ್ತ ಕುಟುಂಬಗಳ ಬವಣೆ ಅಂದಿಗೇ ಮುಗಿಯಲಿಲ್ಲ. ಖಂಭಾತ್‌ನಲ್ಲಿ ಅಗೇಟ್‌ಗೆ ಒಣಸಾಣೆ ಹಿಡಿಯುವವರಲ್ಲಿ ಈ ರೋಗ ವ್ಯಾಪಕವಾಗಿರುವುದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನಗಳು ದಾಖಲಿಸಿವೆ. ಅಲ್ಲಿ ಸಾಣೆಯ ಕೆಲಸ ಮನೆಗಳಲ್ಲೇ ನಡೆಯುವುದರಿಂದ, ಸಾಣೆ ಮುಟ್ಟದ ಮನೆಮಂದಿಯ ಉಸಿರಿಗೂ ದೂಳು ಸೇರುತ್ತದೆ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ದೊರೆಯುವ ಹೊಳೆಯುವ ಮಣಿಸರದ ಹಿಂದೆ ಈ ಸತ್ಯವೂ ಇದೆ.

ಉರುಳುಪೀಪಾಯಿ ನೀರಿನಲ್ಲಿ ಕೆಲಸ ಮಾಡುವುದರಿಂದ ಅದು ಬಹುಮಟ್ಟಿಗೆ ಸುರಕ್ಷಿತ. ಅಪಾಯವಿರುವುದು ಅದರ ಆಚೀಚೆ. ಕಲ್ಲನ್ನು ಒಣಗಿರುವಾಗ ಗ್ರೈಂಡರಿನಿಂದ ಕತ್ತರಿಸುವುದು, ಒಣಗಿದ ರಾಡಿಯನ್ನು ಪೊರಕೆಯಿಂದ ಗುಡಿಸುವುದು ಸಲ್ಲದು. ಕಲ್ಲನ್ನು ಒಡೆಯಲೇಬೇಕಾದರೆ ಒದ್ದೆ ಗೋಣಿಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಧರಿಸಿ ಒಡೆಯಬೇಕು. ಗುರುತು ತಿಳಿಯದ ಹಸಿರು ಕಲ್ಲು, ಲೋಹದ ಅದಿರು, ನಾರಿನಂತೆ ಬಿಡಿಸಿಕೊಳ್ಳುವ ಕಲ್ನಾರು ಇವುಗಳನ್ನು ಮನೆಯೊಳಗೆ ತರಲೇಬಾರದು. ಕೆಲವು ಕಲ್ಲುಗಳು ಉಜ್ಜುವಾಗ ಅನಿಲ ಹುಟ್ಟಿಸುವುದರಿಂದ ದಿನಕ್ಕೊಮ್ಮೆ ಮುಚ್ಚಳ ತೆರೆದು ನೋಡುವುದು ಕ್ಷೇಮ.

ಯಾವ ಕಲ್ಲನ್ನು ಮುಟ್ಟಬಾರದು

ಕಲ್ಲಿಗಾಗಿ ಬಸವನಗುಡಿಯವರು ದೂರ ಹೋಗಬೇಕೇ, ಕಹಳೆ ಬಂಡೆಯ ಚಕ್ಕೆ ಸಾಲದೇ ಎಂದು ಕೇಳಬಹುದು. ಸಾಲದು ಎನ್ನುವುದಕ್ಕಿಂತ, ಸಲ್ಲದು. ಲಾಲ್‌ಬಾಗಿನ ಬಂಡೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿರುವ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ 1916ರಲ್ಲಿ ಪೆನಿನ್ಸುಲರ್ ನೈಸ್ ಎಂದು ಹೆಸರಿಸಿದ ಈ ಶಿಲಾವರ್ಗದ ವಯಸ್ಸು ಸುಮಾರು 300 ಕೋಟಿ ವರ್ಷ. ಕಹಳೆ ಬಂಡೆಯೂ ಅದೇ ಶಿಲೆಯದು. ಅದರ ಬಿಳಿ, ಬೂದು ಪಟ್ಟೆಗಳು ನೆಲದಾಳದ ಬಿಸಿ ಮತ್ತು ಒತ್ತಡದ ಲಿಖಿತ ದಾಖಲೆಯಿದ್ದಂತೆ. ಇದರ ಚಕ್ಕೆ ಪೀಪಾಯಿಯಲ್ಲಿ ಚೆನ್ನಾಗಿ ಮೆರುಗುಗೊಳ್ಳುವುದೂ ಇಲ್ಲ ಎಂಬುದು ಮೇಲೆ ಹೇಳಿದ ಖನಿಜಗಳ ಲೆಕ್ಕದಿಂದಲೇ ಸ್ಪಷ್ಟ. ಕಿತ್ತವರಿಗೆ ಲಾಭವಿಲ್ಲ, ಊರಿಗೆ ನಷ್ಟ.

ಬೇರೆ ದಾರಿಗಳಿವೆ. ಗ್ರಾನೈಟ್ ಕತ್ತರಿಸುವ ಅಂಗಡಿಗಳಲ್ಲಿ ಎಸೆಯುವ ತುಂಡುಗಳನ್ನು ಕೇಳಿ ಪಡೆಯಬಹುದು. ಒರಟು ಅಗೇಟ್, ಜಾಸ್ಪರ್‌ಗಳನ್ನು ಮಾರುವ ವ್ಯಾಪಾರಿಗಳಿದ್ದಾರೆ. ಕಲ್ಲಿನ ಕುತೂಹಲ ಹೊಳಪಿನಾಚೆಗೂ ಬೆಳೆದವರಿಗೆ, 1958ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸಂಘದ ಪ್ರಕಟಣೆಗಳು ನೆರವಾಗಬಲ್ಲವು. ಅದರ ಕಚೇರಿ ಇರುವುದೂ ಗವೀಪುರದಲ್ಲೇ. ಆ ಸಂಘವನ್ನು ದಶಕಗಳ ಕಾಲ ಬೆಳೆಸಿದ ಡಾ. ಬಿ.ಪಿ. ರಾಧಾಕೃಷ್ಣ ಅವರು ಭೂವಿಜ್ಞಾನವನ್ನು ಕನ್ನಡದಲ್ಲಿಯೂ ಬರೆದವರು.

ಆರಂಭಿಸುವವರಿಗೆ ಬೇಕಾದ್ದು ಇಷ್ಟು: ಒಂದೇ ಜಾತಿಯ ಕಲ್ಲು ಒಂದು ಕಿಲೋ, ನಾಲ್ಕು ಬಗೆಯ ಪುಡಿ, ಎರಡು ಬಕೀಟು, ಒಂದು ಹಳೆಯ ಬ್ರಷ್ಷು, ಒಂದು ನೋಟ್ ಪುಸ್ತಕ. ಮೊದಲ ಹಂತದಲ್ಲಿ ಕಲ್ಲು ಒಪ್ಪುವವರೆಗೂ ಎರಡನೆಯದಕ್ಕೆ ಹೋಗದಿರುವ ಸಂಯಮವಿದ್ದರೆ ಉಳಿದದ್ದನ್ನು ಪೀಪಾಯಿಯೇ ನೋಡಿಕೊಳ್ಳುತ್ತದೆ.